ಜೀವದ ವ್ಯಾಕರಣ

ಕನ್ನಡ ಪಂಡಿತನಾದವನು ರಸಾಯನಶಾಸ್ತ್ರದ ಮಾತೆತ್ತಿದರೆ ಕೇಳುವವರು ನಗುವುದು ಸಹಜ. ಹಳಗನ್ನಡದ ಪದ್ಯಕ್ಕೆ ಅನ್ವಯ, ಅರ್ಥ ಹೇಳಿಕೊಂಡು ಇರಬೇಕಾದವನಿಗೆ ಅಣುಗಳ ಗೊಡವೆ ಏತಕ್ಕೆ ಎಂದು ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರೇ ಒಮ್ಮೆ ಕೇಳಿದ್ದುಂಟು. ಈ ಗೊಡವೆಯನ್ನು ನನಗೆ ಅಂಟಿಸಿದವನು ನನ್ನ ವಿದ್ಯಾರ್ಥಿಯೊಬ್ಬ. ಆದುದರಿಂದ ಅವನ ಸಂಗತಿಯಿಂದಲೇ ಆರಂಭಿಸುತ್ತೇನೆ.

ಕಾಡಂಚಿನ ತಾಲ್ಲೂಕೊಂದರ ಹೈಸ್ಕೂಲಿನಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲ. ಹಾಡಿಯಿಂದ ನಡೆದು ಬರುತ್ತಿದ್ದ ಹುಡುಗನೊಬ್ಬನಿದ್ದ. ಬುದ್ಧಿವಂತ; ಸಂಧಿ ಬಿಡಿಸುವುದರಲ್ಲಿ ತರಗತಿಗೇ ಮೊದಲಿಗ. ಆದರೆ ತಿಂಗಳಿಗೆ ನಾಲ್ಕಾರು ದಿನ ಶಾಲೆಗೆ ತಪ್ಪಿಸಿಕೊಳ್ಳುತ್ತಿದ್ದ. ಚಳಿಗಾಲದಲ್ಲಂತೂ ಹೇಳತೀರದು. ಕಾರಣ ಕೇಳಿದರೆ, "ಮೂಳೆ ಒಳಗೆ ನೋಯ್ತದೆ ಸಾ" ಎನ್ನುತ್ತಿದ್ದ. ಮೈಮೇಲೆ ಗಾಯವಿಲ್ಲ, ಏಟಿಲ್ಲ. ಸೋಮಾರಿತನಕ್ಕೆ ಇವನು ನೋವೆಂದು ಹೆಸರಿಟ್ಟಿದ್ದಾನೆ ಎಂದು ನಾನು ಎಣಿಸಿದೆ. ಗದರಿಸಿ ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಒಂದು ದಿನ ಪಾಠದ ನಡುವೆಯೇ ಅವನು ಕುಸಿದಾಗ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ರಕ್ತವನ್ನು ಪರೀಕ್ಷಿಸಿದ ಮೇಲೆ ವೈದ್ಯರು ನನಗೆ ತಿಳಿಯುವ ಮಾತಿನಲ್ಲಿಯೇ ಹೇಳಿದರು: "ಮೇಷ್ಟ್ರೇ, ಇವನ ರಕ್ತದಲ್ಲಿ ಒಂದು ಅಕ್ಷರ ತಪ್ಪಾಗಿದೆ."

ರಕ್ತದಲ್ಲಿ ಅಕ್ಷರವೆಂದರೇನು? ಅದು ತಪ್ಪುವುದೆಂದರೇನು? ಮೂವತ್ತು ವರ್ಷ ಅಕ್ಷರಗಳನ್ನೇ ತಿದ್ದಿದ ನನಗೆ ಆ ಮಾತು ಚುಚ್ಚಿದಂತಾಯಿತು. ಅಂದಿನಿಂದ ವಿಜ್ಞಾನದ ಉಪಾಧ್ಯಾಯರ ಬೆನ್ನು ಹತ್ತಿ, ಅವರು ಕೊಟ್ಟ ಪುಸ್ತಕಗಳನ್ನು ಓದಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ನಮ್ಮ ದೇಹವನ್ನು ಮೂಲವಸ್ತುಗಳಾಗಿ ಬಿಡಿಸಿದರೆ ಸಿಕ್ಕುವುದು ಅಂತಹ ದುರ್ಲಭವಾದ ಸಾಮಗ್ರಿಯಲ್ಲ. ಆಮ್ಲಜನಕ, ಇಂಗಾಲ, ಜಲಜನಕ, ಸಾರಜನಕ ಎಂಬ ನಾಲ್ಕೇ ಮೂಲವಸ್ತುಗಳು ದೇಹದ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಆಗುತ್ತವೆ. ಗಾಳಿಯಲ್ಲಿಯೂ ನೀರಿನಲ್ಲಿಯೂ ಇದ್ದಿಲಿನಲ್ಲಿಯೂ ಇರುವುದು ಇವೇ. ಜೀವಿಗಳಲ್ಲಿರುವ ಪದಾರ್ಥಗಳನ್ನು ಮಾಡುವುದಕ್ಕೆ ಯಾವುದೋ ಪ್ರಾಣಶಕ್ತಿಯೇ ಬೇಕೆಂದು ಹಿಂದಿನವರು ನಂಬಿದ್ದರು. 1828ರಲ್ಲಿ ಜರ್ಮನಿಯ ವೋಲರ್ ಎಂಬ ರಸಾಯನಶಾಸ್ತ್ರಜ್ಞನು ಮೂತ್ರದಲ್ಲಿರುವ ಯೂರಿಯಾ ಎಂಬ ಪದಾರ್ಥವನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿದ ಮೇಲೆ ಆ ನಂಬಿಕೆ ಸಡಿಲವಾಗತೊಡಗಿತು. ಹಾಗಾದರೆ ಕಲ್ಲಿಗೂ ಕರುವಿಗೂ ಭೇದವೆಲ್ಲಿದೆ? ಮುಖ್ಯವಾಗಿ ಜೋಡಣೆಯಲ್ಲಿದೆ. ಅಂಗಡಿಯ ಲೆಕ್ಕದ ಚೀಟಿಯನ್ನೂ ಮಹಾಕಾವ್ಯವನ್ನೂ ಅದೇ ನಲವತ್ತೊಂಬತ್ತು ಅಕ್ಷರಗಳಲ್ಲಿ ಬರೆಯುತ್ತೇವಲ್ಲವೆ? ಇದೂ ಹಾಗೆಯೇ.

ಜೀವಿಗಳ ದೇಹವನ್ನು ಕಟ್ಟಿರುವ ಮುಖ್ಯವಾದ ಅಣುಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸುತ್ತಾರೆ: ಶರ್ಕರಪಿಷ್ಟಗಳು, ಕೊಬ್ಬುಗಳು, ಪ್ರೋಟೀನುಗಳು ಅಥವಾ ಸಸಾರಜನಕಗಳು, ನ್ಯೂಕ್ಲಿಯಿಕ್ ಆಮ್ಲಗಳು. ರಾಗಿಮುದ್ದೆ, ಹುರುಳಿಕಾಳಿನ ಸಾರು, ಮೇಲೊಂದು ಮಿಳ್ಳೆ ತುಪ್ಪ. ಇಷ್ಟಿರುವ ತಟ್ಟೆಯಲ್ಲಿ ಈ ನಾಲ್ಕು ವರ್ಗಗಳೂ ಇವೆ. ಇವು ನೋಡುವುದಕ್ಕೆ ಬೇರೆ ಬೇರೆಯಾದರೂ ಇವನ್ನು ಕಟ್ಟುವ ರೀತಿಯಲ್ಲಿ ಒಂದು ಸಮಾನವಾದ ಸೂತ್ರವಿದೆ. ಆ ಸೂತ್ರ ನಮ್ಮ ವ್ಯಾಕರಣ ಬಲ್ಲವರಿಗೆ ಅಪರಿಚಿತವಲ್ಲ.

ಊರು, ಅಲ್ಲಿ ಎಂಬ ಎರಡು ರೂಪಗಳು ಕೂಡಿದರೆ 'ಊರಲ್ಲಿ' ಎಂದಾಗುತ್ತದೆ. ನಡುವಣ ಉಕಾರ ಬಿಟ್ಟುಹೋಗುತ್ತದೆ. ಇದನ್ನು ಲೋಪಸಂಧಿಯೆಂದು ಮಕ್ಕಳಿಗೆ ಕಲಿಸುತ್ತೇವಷ್ಟೆ. ಜೀವಕೋಶದೊಳಗೆ ಎರಡು ಸಣ್ಣ ಅಣುಗಳು ಕೂಡುವಾಗಲೂ ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆ. ಒಂದರ ಅಂಚಿನಿಂದ ಒಂದು ಜಲಜನಕ ಪರಮಾಣು ಕಳಚುತ್ತದೆ. ಇನ್ನೊಂದರ ಅಂಚಿನಿಂದ ಆಮ್ಲಜನಕವೂ ಜಲಜನಕವೂ ಕೂಡಿದ ಒಂದು ಜೋಡಿ ಕಳಚುತ್ತದೆ. ಕಳಚಿದ ಈ ತುಣುಕುಗಳು ಸೇರಿದರೆ ಏನಾಗುತ್ತದೆ? ನೀರು! ಜೀವದ ಸಂಧಿಯಲ್ಲಿ ಲೋಪವಾಗುವುದು ಒಂದು ನೀರಿನ ಅಣು. ಈ ಕೂಡಿಕೆ ತಾನಾಗಿ ನಡೆಯುವುದಿಲ್ಲ. ಅದಕ್ಕೆ ಶಕ್ತಿ ವೆಚ್ಚವಾಗಬೇಕು, ನಡುವೆ ಹಲವು ಮೆಟ್ಟಿಲುಗಳನ್ನು ದಾಟಬೇಕು. ಆದರೂ ಕೊನೆಯ ಲೆಕ್ಕದಲ್ಲಿ ಒಂದೊಂದು ಸಂಧಿಗೆ ಒಂದೊಂದು ನೀರಿನ ಅಣು ಹೊರಬಿದ್ದಿರುತ್ತದೆ. ಇನ್ನು ಜೀರ್ಣಕ್ರಿಯೆಯೆಂದರೆ ಇದರ ವಿಲೋಮ, ಅಂದರೆ ಪದಚ್ಛೇದ. ಬಿಟ್ಟುಹೋಗಿದ್ದ ನೀರನ್ನು ಮತ್ತೆ ಸೇರಿಸಿದರೆ ಕೊಂಡಿ ಬಿಚ್ಚಿ, ಮೊದಲಿನ ಸಣ್ಣ ಅಣುಗಳು ಬೇರೆಬೇರೆಯಾಗಿ ದೊರೆಯುತ್ತವೆ. ಈ ಸೂತ್ರವನ್ನು ಕೈಯಲ್ಲಿ ಹಿಡಿದು ನಾಲ್ಕು ವರ್ಗಗಳನ್ನೂ ಒಂದೊಂದಾಗಿ ನೋಡೋಣ.

ಮೊದಲನೆಯದು ಶರ್ಕರಪಿಷ್ಟ. ಇದರ ಮೂಲಾಕ್ಷರವೆಂದರೆ ಗ್ಲೂಕೋಸಿನಂತಹ ಸರಳ ಸಕ್ಕರೆ. ಗ್ಲೂಕೋಸೂ ಫ್ರಕ್ಟೋಸೂ ಕೂಡಿದರೆ ನಾವು ಕಾಫಿಗೆ ಹಾಕುವ ಸಕ್ಕರೆ. ನೂರಾರು, ಸಾವಿರಾರು ಗ್ಲೂಕೋಸುಗಳು ಸಾಲಾಗಿ ಹೊಂದಿಕೊಂಡರೆ ರಾಗಿಯಲ್ಲಿ, ಅಕ್ಕಿಯಲ್ಲಿ ಇರುವ ಪಿಷ್ಟ. ಒಂದು ಹಿಡಿ ಅವಲಕ್ಕಿಯನ್ನು ಬಾಯಿಗೆ ಹಾಕಿಕೊಂಡು ನುಂಗದೆ ಬಹಳ ಹೊತ್ತು ಅಗಿದು ನೋಡಿರಿ, ಬರಬರುತ್ತಾ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಪದಾರ್ಥವು ಪಿಷ್ಟದ ಸಾಲನ್ನು ಅಲ್ಲಲ್ಲಿ ಬಿಡಿಸಿ ಸಣ್ಣ ಸಕ್ಕರೆಗಳನ್ನಾಗಿ ಮಾಡುವುದೇ ಇದಕ್ಕೆ ಕಾರಣ. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ಪದ್ಧತಿಯಾದುದರಿಂದ ಜೊಲ್ಲಿಗೆ ಅಲ್ಲಿ ಹೆಚ್ಚು ಅವಕಾಶವಿಲ್ಲ. ಆ ಕೆಲಸವನ್ನು ಮುಂದೆ ಮೇದೋಜೀರಕಾಂಗದ ರಸವು ಪೂರೈಸುತ್ತದೆ.

ಇಲ್ಲೊಂದು ಸ್ವಾರಸ್ಯವನ್ನು ಗಮನಿಸಬೇಕು. ರಾಗಿಯ ಕಾಳಿನಲ್ಲಿರುವ ಪಿಷ್ಟವೂ ಗ್ಲೂಕೋಸಿನ ಸಾಲು. ರಾಗಿಯ ಹುಲ್ಲಿನಲ್ಲಿರುವ ಸೆಲ್ಯುಲೋಸೂ ಗ್ಲೂಕೋಸಿನದೇ ಸಾಲು. ಅಕ್ಷರ ಒಂದೇ, ಆದರೆ ಒಂದಕ್ಕೊಂದು ಕೊಂಡಿ ಹಾಕಿರುವ ರೀತಿ ಬೇರೆ. ಅಷ್ಟು ಮಾತ್ರದಿಂದ ಕಾಳು ನಮಗೆ ಅನ್ನವಾಯಿತು, ಹುಲ್ಲು ಆಗಲಿಲ್ಲ. ಸೆಲ್ಯುಲೋಸಿನ ಕೊಂಡಿಯನ್ನು ಬಿಡಿಸುವ ಸಾಧನ ನಮ್ಮ ಹೊಟ್ಟೆಯಲ್ಲಿಲ್ಲ. ಹಸುವಿಗೂ ಸ್ವಂತವಾಗಿ ಇಲ್ಲ. ಅದರ ಹೊಟ್ಟೆಯಲ್ಲಿ ವಾಸವಾಗಿರುವ ಸೂಕ್ಷ್ಮಜೀವಿಗಳು ಆ ಉಪಕಾರವನ್ನು ಮಾಡಿಕೊಡುತ್ತವೆ. ಹೀಗೆ ಶರ್ಕರಪಿಷ್ಟಗಳು ಒಂದು ಕಡೆ ಉರುವಲಾಗಿಯೂ ಮತ್ತೊಂದು ಕಡೆ ಗಿಡಮರಗಳ ಗೋಡೆಯಾಗಿಯೂ ಕೆಲಸ ಮಾಡುತ್ತವೆ. ಒಂದು ಗ್ರಾಂ ಪಿಷ್ಟದಿಂದ ದೇಹಕ್ಕೆ ಸುಮಾರು 4 ಕಿಲೋಕ್ಯಾಲೊರಿ ಶಕ್ತಿ ಒದಗುತ್ತದೆ.

ಎರಡನೆಯದು ಕೊಬ್ಬು. ಇದರಲ್ಲಿ ಉದ್ದವಾದ ಸಾಲು ಇಲ್ಲ. ಗ್ಲಿಸರಾಲ್ ಎಂಬ ಒಂದು ಸಣ್ಣ ಅಣುವಿಗೆ ಮೂರು ಮೇದಾಮ್ಲಗಳು ಬಾಲದಂತೆ ಅಂಟಿಕೊಂಡಿರುತ್ತವೆ. ಮೂರು ಸಂಧಿ, ಮೂರು ನೀರಿನ ಲೋಪ. ಮಾಗಿಯ ಚಳಿಯಲ್ಲಿ ತುಪ್ಪ ಗಟ್ಟಿಯಾಗುತ್ತದೆ, ಎಳ್ಳೆಣ್ಣೆ ಆಗುವುದಿಲ್ಲ. ಏತಕ್ಕೆ? ತುಪ್ಪದಲ್ಲಿ ಬಹುಪಾಲು ಬಾಲಗಳು ನೆಟ್ಟಗಿವೆ; ಒಪ್ಪವಾಗಿ ಪೇರಿಸಿದ ಸೌದೆಯಂತೆ ಒತ್ತೊತ್ತಾಗಿ ಕೂಡುತ್ತವೆ. ಎಣ್ಣೆಯ ಬಾಲಗಳಲ್ಲಿ ಹೆಚ್ಚಿನವು ಡೊಂಕು. ಡೊಂಕು ಸೌದೆಯನ್ನು ಒತ್ತಾಗಿ ಪೇರಿಸಲಾದೀತೆ? ಒಂದು ಗ್ರಾಂ ಕೊಬ್ಬಿನಲ್ಲಿ ಸುಮಾರು 9 ಕಿಲೋಕ್ಯಾಲೊರಿ ಶಕ್ತಿ ಅಡಗಿದೆ. ಪಿಷ್ಟದ ಎರಡರಷ್ಟಕ್ಕಿಂತಲೂ ಹೆಚ್ಚು. ಆದುದರಿಂದಲೇ ದೇಹವು ಉಳಿತಾಯವನ್ನು ಕೊಬ್ಬಿನ ರೂಪದಲ್ಲಿ ಇಡುತ್ತದೆ.

ಕೊಬ್ಬಿನ ಬಂಧುವರ್ಗಕ್ಕೆ ಇನ್ನೂ ದೊಡ್ಡ ಹೊಣೆಯಿದೆ. ಮೂರು ಬಾಲಗಳಲ್ಲಿ ಒಂದರ ಬದಲು ರಂಜಕವುಳ್ಳ ಗುಂಪೊಂದು ಸೇರಿಕೊಂಡರೆ ಆ ಅಣುವಿನ ತಲೆಗೆ ನೀರು ಇಷ್ಟ, ಬಾಲಕ್ಕೆ ನೀರೆಂದರೆ ಆಗದು. ಇಂತಹ ಅಣುಗಳನ್ನು ನೀರಿನಲ್ಲಿ ಬಿಟ್ಟರೆ ಬಾಲಗಳನ್ನು ಒಳಗೆ ಬಚ್ಚಿಟ್ಟುಕೊಂಡು, ತಲೆಗಳನ್ನು ಹೊರಗೆ ಮಾಡಿ, ಎರಡು ಪದರಗಳ ಪೊರೆಯಾಗಿ ನಿಲ್ಲುತ್ತವೆ. ಪ್ರತಿಯೊಂದು ಜೀವಕೋಶದ ಎಲ್ಲೆಗಟ್ಟೂ ಈ ಪೊರೆಯೇ. ಒಳಗು, ಹೊರಗು ಎಂಬ ಭೇದವೇ ಇಲ್ಲಿಂದ ಹುಟ್ಟಿತು.

ಮೂರನೆಯದು ಪ್ರೋಟೀನು. ಇದರ ಅಕ್ಷರಗಳು ಅಮೈನೋ ಆಮ್ಲಗಳು. ಇವುಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವವು 20. ಸಂಧಿ ಇಲ್ಲಿಯೂ ಅದೇ. ಪಿಷ್ಟದ ಸಾಲು ಒಂದೇ ಅಕ್ಷರದ ಪುನರುಕ್ತಿಯಾದರೆ ಪ್ರೋಟೀನಿನ ಸಾಲಿನಲ್ಲಿ ಅಕ್ಷರಗಳ ಕ್ರಮವೇ ಅರ್ಥ. ರಸ ಎಂಬುದನ್ನು ತಿರುಗಿಸಿದರೆ ಸರ ಆಗುತ್ತದಲ್ಲವೆ? ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಅವರು ಇನ್ಸುಲಿನ್ ಎಂಬ ಪ್ರೋಟೀನಿನ 51 ಅಕ್ಷರಗಳ ಕ್ರಮವನ್ನು ವರ್ಷಗಟ್ಟಲೆ ದುಡಿದು, 1955ರ ವೇಳೆಗೆ ಪೂರ್ತಿಯಾಗಿ ಬಿಡಿಸಿದರು. ಪ್ರೋಟೀನಿಗೆ ಗೊತ್ತಾದ ಅಕ್ಷರಕ್ರಮವುಂಟು ಎಂಬುದು ಆಗ ಸಂದೇಹವಿಲ್ಲದೆ ತಿಳಿಯಿತು. 1958ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಈ ಸಾಲು ಸುಮ್ಮನೆ ಉದ್ದಕ್ಕೆ ಬಿದ್ದಿರುವುದಿಲ್ಲ. ತನ್ನ ಅಕ್ಷರಗಳ ಸ್ವಭಾವಕ್ಕೆ ತಕ್ಕಂತೆ ಮಡಿಚಿಕೊಂಡು ಒಂದು ಆಕಾರವನ್ನು ತಾಳುತ್ತದೆ. ಆ ಆಕಾರದಿಂದಲೇ ಅದರ ಕೆಲಸ. ಕೋಳಿಮೊಟ್ಟೆಯನ್ನು ಬೇಯಿಸಿದಾಗ ತಿಳಿಯಾದ ಲೋಳೆ ಬೆಳ್ಳಗೆ ಗಟ್ಟಿಯಾಗುವುದನ್ನು ನೋಡಿದ್ದೀರಿ. ಅಲ್ಲಿ ಅಕ್ಷರಗಳ ಸಾಲು ಹಾಗೆಯೇ ಇದೆ. ಕೆಟ್ಟದ್ದು ಮಡಿಕೆ ಮಾತ್ರ. ಚರ್ಮಕ್ಕೂ ಮೂಳೆಗೂ ಬಿಗಿ ಕೊಡುವ ಕೊಲಾಜನ್ ಎಂಬ ಪ್ರೋಟೀನು ಮೂರೆಳೆಯ ಹಗ್ಗದಂತೆ ಹೆಣೆದಿದೆ ಎಂಬುದನ್ನು ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್, ಗೋಪಿನಾಥ ಕರ್ತಾ ಅವರು 1954-55ರಲ್ಲಿ ತೋರಿಸಿದರು. ಪ್ರೋಟೀನಿನ ಸಾಲು ಯಾವ ಯಾವ ಕೋನಗಳಲ್ಲಿ ಬಾಗಬಹುದು, ಎಲ್ಲಿ ಬಾಗಲಾರದು ಎಂಬುದಕ್ಕೆ ರಾಮಚಂದ್ರನ್ ಅವರೂ ಸಂಗಡಿಗರೂ 1963ರಲ್ಲಿ ಕೊಟ್ಟ ನಕ್ಷೆ ಇಂದಿಗೂ ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಅವರ ಹೆಸರಿನಿಂದಲೇ ಬಳಕೆಯಲ್ಲಿದೆ. ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಈ ಅಧ್ಯಯನಕ್ಕಾಗಿಯೇ ಒಂದು ವಿಭಾಗವನ್ನು ಕಟ್ಟಿದರು.

ಪ್ರೋಟೀನುಗಳ ಕೆಲಸಗಳು ಹಲವು. ಮಾಂಸಖಂಡದಲ್ಲಿ ಅವು ಎಳೆಯುತ್ತವೆ. ರಕ್ತದಲ್ಲಿ ಆಮ್ಲಜನಕವನ್ನು ಹೊರುತ್ತವೆ. ರೋಗಾಣುಗಳನ್ನು ಗುರುತಿಸಿ ಹಿಡಿಯುತ್ತವೆ. ಮೇಲೆ ಹೇಳಿದ ಅಮೈಲೇಸಿನಂತಹ ಕಿಣ್ವಗಳೂ ಪ್ರೋಟೀನುಗಳೇ. ಕಿಣ್ವವು ಪ್ರೋಟೀನೆಂಬುದನ್ನು 1926ರಲ್ಲಿ ಅಮೆರಿಕದ ಸಮ್ನರ್ ಅವರು ಅವರೆ ಜಾತಿಯ ಕಾಳೊಂದರಿಂದ ಯೂರಿಯೇಸ್ ಎಂಬ ಕಿಣ್ವವನ್ನು ಹರಳುಗಟ್ಟಿಸಿ ತೋರಿಸಿದರು. ಸಂಧಿ ಮಾಡುವುದೂ ಬಿಡಿಸುವುದೂ ಬಹುಮಟ್ಟಿಗೆ ಈ ಕಿಣ್ವಗಳ ಕೈಯಲ್ಲಿದೆ. ಅದಕ್ಕೆ ಬೇಕಾದ ಶಕ್ತಿಯನ್ನು ಚಿಲ್ಲರೆ ಹಣದಂತೆ ಒದಗಿಸುವುದು ಎ.ಟಿ.ಪಿ. ಎಂಬ ಸಣ್ಣ ಅಣು. ಅದನ್ನು 1929ರಲ್ಲಿ ಸ್ನಾಯುವಿನಲ್ಲಿ ಕಂಡವರಲ್ಲಿ ಆಂಧ್ರದಿಂದ ಅಮೆರಿಕಕ್ಕೆ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರೂ ಒಬ್ಬರು.

ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಒಂಬತ್ತನ್ನು ನಮ್ಮ ದೇಹ ಮಾಡಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. ಏಕದಳ ಧಾನ್ಯಗಳಲ್ಲಿ ಲೈಸೀನ್ ಎಂಬುದು ಕಡಿಮೆ; ದ್ವಿದಳ ಧಾನ್ಯಗಳಲ್ಲಿ ಅದು ಧಾರಾಳ, ಆದರೆ ಮಿಥಿಯೋನಿನ್ ಕಡಿಮೆ. ಮುದ್ದೆಗೆ ಕಾಳುಸಾರನ್ನು ಜೊತೆ ಮಾಡಿದ ನಮ್ಮ ಅಜ್ಜಿಯರು ಈ ಹೆಸರುಗಳನ್ನು ಕೇಳಿರಲಿಲ್ಲ. ಆದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುವಂತೆ ಬಡಿಸಿದರು.

ಈಗ ಪ್ರಶ್ನೆ ಏಳುತ್ತದೆ: ಯಾವ ಅಕ್ಷರದ ಮುಂದೆ ಯಾವ ಅಕ್ಷರ ಬರಬೇಕೆಂಬುದನ್ನು ಗೊತ್ತುಮಾಡುವವರು ಯಾರು? ಉತ್ತರ ನಾಲ್ಕನೆಯ ವರ್ಗದಲ್ಲಿದೆ. ಅದೇ ನ್ಯೂಕ್ಲಿಯಿಕ್ ಆಮ್ಲ. ಸ್ವಿಸ್ ದೇಶದ ಮೀಷರ್ ಎಂಬಾತನು 1869ರಲ್ಲಿ ಕೀವು ಅಂಟಿದ ಬ್ಯಾಂಡೇಜು ಬಟ್ಟೆಗಳಿಂದ ಜೀವಕೋಶಗಳನ್ನು ತೊಳೆದು ತೆಗೆದು, ಅವುಗಳ ಕೇಂದ್ರಬಿಂದುವಿನಲ್ಲಿ ರಂಜಕವುಳ್ಳ ಒಂದು ಹೊಸ ಪದಾರ್ಥವನ್ನು ಕಂಡನು. ಅದರೊಳಗೆ ವಂಶಪಾರಂಪರ್ಯದ ಬರಹವಿದೆಯೆಂದು ಆಗ ಯಾರೂ ಊಹಿಸಲಿಲ್ಲ. 1953ರಲ್ಲಿ ವಾಟ್ಸನ್, ಕ್ರಿಕ್ ಇಬ್ಬರೂ, ರೊಸಾಲಿಂಡ್ ಫ್ರಾಂಕ್ಲಿನ್ ಮತ್ತು ವಿಲ್ಕಿನ್ಸ್ ಅವರ ಕ್ಷಕಿರಣ ಚಿತ್ರಗಳ ಆಧಾರದಿಂದ, ಈ ಡಿ.ಎನ್.ಎ. ಎಂಬುದರ ರಚನೆಯನ್ನು ತಿಳಿಸಿದರು. ಹುರಿಯಂತೆ ಸುತ್ತಿಕೊಂಡ ಎರಡು ಎಳೆಗಳು. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ಒಂದು ಎಳೆಯಲ್ಲಿ ಎ ಇದ್ದರೆ ಎದುರಿಗೆ ಟಿ. ಜಿ ಇದ್ದರೆ ಎದುರಿಗೆ ಸಿ. ಒಂದು ಸಾಲನ್ನು ಬಲ್ಲವರು ಅದರ ಜೋಡಿ ಸಾಲನ್ನು ತಪ್ಪಿಲ್ಲದೆ ಬರೆಯಬಹುದು. ಕೋಶವು ಇಬ್ಭಾಗವಾಗುವಾಗ ಪ್ರತಿ ಎತ್ತುವುದು ಹೀಗೆಯೇ. ಮನುಷ್ಯನಿಗೆ ತಂದೆಯ ಕಡೆಯಿಂದ ಒಂದು, ತಾಯಿಯ ಕಡೆಯಿಂದ ಒಂದು ಪ್ರತಿ ಬರುತ್ತದೆ; ಒಂದೊಂದರಲ್ಲಿಯೂ ಸುಮಾರು 300 ಕೋಟಿ ಅಕ್ಷರಗಳಿವೆ.

ನಾಲ್ಕು ಅಕ್ಷರಗಳು ಇಪ್ಪತ್ತು ಅಮೈನೋ ಆಮ್ಲಗಳನ್ನು ಹೇಗೆ ಸೂಚಿಸಬಲ್ಲವು? ಇದಕ್ಕೆ ನಮ್ಮ ಛಂದಸ್ಸನ್ನು ನೆನೆಯಬಹುದು. ಅಕ್ಷರಗಣದಲ್ಲಿ ಮೂರು ಮೂರು ಅಕ್ಷರಗಳನ್ನು ಒಂದು ಗಣವಾಗಿ ಎಣಿಸುತ್ತೇವೆ. ಗುರು, ಲಘು ಎಂಬ ಎರಡೇ ಗುರುತುಗಳನ್ನು ಮೂರು ಸ್ಥಾನಗಳಲ್ಲಿ ಇಟ್ಟರೆ ಎಂಟು ಗಣಗಳಾಗುತ್ತವೆ. ಡಿ.ಎನ್.ಎ.ಯಲ್ಲಿಯೂ ಮೂರಕ್ಷರಕ್ಕೆ ಒಂದು ಗಣ. ಗುರುತುಗಳು ನಾಲ್ಕಾದುದರಿಂದ ಅಲ್ಲಿ 64 ಗಣಗಳು. ಇವುಗಳಲ್ಲಿ 61 ಗಣಗಳು ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ. ಮೂರು ಗಣಗಳು ಪೂರ್ಣವಿರಾಮದ ಚಿಹ್ನೆಗಳು. ಈ ಸಂಕೇತವನ್ನು ಬಿಡಿಸಿದ್ದಕ್ಕಾಗಿ ನಮ್ಮ ದೇಶದಲ್ಲಿ ಹುಟ್ಟಿದ ಹರಗೋವಿಂದ ಖೊರಾನಾ ಅವರು ನೈರೆನ್‌ಬರ್ಗ್, ಹಾಲಿ ಎಂಬುವರೊಡನೆ 1968ರ ನೊಬೆಲ್ ಪಾರಿತೋಷಕವನ್ನು ಪಡೆದರು. ಡಿ.ಎನ್.ಎ. ಮೂಲ ಹಸ್ತಪ್ರತಿಯಾದರೆ ಅದರಿಂದ ಬೇಕಾದ ಭಾಗವನ್ನು ನಕಲು ಮಾಡಿಕೊಂಡು ಪ್ರೋಟೀನು ಕಟ್ಟುವ ಸ್ಥಳಕ್ಕೆ ಒಯ್ಯುವುದು ಅದರ ಬಂಧುವಾದ ಆರ್.ಎನ್.ಎ.

ಇನ್ನು ಆ ಹುಡುಗನ ಸಂಗತಿಗೆ ಬರೋಣ. ರಕ್ತಕ್ಕೆ ಕೆಂಪು ಬಣ್ಣ ಕೊಟ್ಟು ಆಮ್ಲಜನಕವನ್ನು ಹೊರುವ ಪ್ರೋಟೀನಿಗೆ ಹಿಮೋಗ್ಲೋಬಿನ್ ಎಂದು ಹೆಸರು. ಅದರಲ್ಲಿ ನಾಲ್ಕು ಸಾಲುಗಳು. ಎರಡರಲ್ಲಿ 141, ಎರಡರಲ್ಲಿ 146 ಅಮೈನೋ ಆಮ್ಲಗಳು. ಈ 146ರ ಸಾಲಿನ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕು. ಡಿ.ಎನ್.ಎ.ಯಲ್ಲಿ ಜಿ-ಎ-ಜಿ ಎಂದಿರಬೇಕಾದ ಗಣ ಜಿ-ಟಿ-ಜಿ ಎಂದಾದರೆ ಆ ಸ್ಥಾನಕ್ಕೆ ವ್ಯಾಲೀನ್ ಬಂದು ಕೂರುತ್ತದೆ. ಗ್ಲುಟಾಮಿಕ್ ಆಮ್ಲಕ್ಕೆ ನೀರು ಪ್ರಿಯ, ವ್ಯಾಲೀನಿಗೆ ಅಪ್ರಿಯ. ಆದುದರಿಂದ ಹಿಮೋಗ್ಲೋಬಿನ್ ತನ್ನ ಆಮ್ಲಜನಕವನ್ನು ಇಳಿಸಿದೊಡನೆ, ಆ ವ್ಯಾಲೀನ್ ನೀರಿನಿಂದ ತಪ್ಪಿಸಿಕೊಳ್ಳಲು ಪಕ್ಕದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ, ಅದು ಇನ್ನೊಂದಕ್ಕೆ. ಹೀಗೆ ಗಟ್ಟಿ ನಾರುಗಳಾಗಿ, ದುಂಡಗಿರಬೇಕಾದ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಬಾಗಿದ ಕಣಗಳು ಕೂದಲಿಗಿಂತ ಸಣ್ಣ ನಾಳಗಳಲ್ಲಿ ಸಿಕ್ಕಿ ಹಾಕಿಕೊಂಡು ರಕ್ತದ ಹಾದಿಯನ್ನು ಕಟ್ಟುತ್ತವೆ. ಮೂಳೆಯೊಳಗಿನ ನೋವು ಅದು. ಚಳಿ, ಅತಿಯಾದ ದಣಿವು, ಮೈಯಲ್ಲಿ ನೀರು ಕಡಿಮೆಯಾಗುವುದು, ಇವೆಲ್ಲ ಅದನ್ನು ಕೆರಳಿಸುತ್ತವೆ. ಹುಡುಗ ಸುಳ್ಳು ಹೇಳಿರಲಿಲ್ಲ.

ಇದು ಅಣುವಿನಲ್ಲಿಯೇ ಇರುವ ರೋಗವೆಂದು 1949ರಲ್ಲಿ ಲೈನಸ್ ಪೌಲಿಂಗ್ ಅವರೂ ಸಂಗಡಿಗರೂ ತೋರಿಸಿದರು. ತಪ್ಪಿರುವುದು ಒಂದೇ ಅಕ್ಷರವೆಂಬುದನ್ನು 1956-57ರಲ್ಲಿ ವರ್ನನ್ ಇನ್‌ಗ್ರಾಮ್ ಅವರು ಕಂಡುಹಿಡಿದರು. ನಮ್ಮ ನೆರೆಯ ನೀಲಗಿರಿಯ ಗಿರಿಜನರಲ್ಲಿ ಇದು ಇರುವುದು 1952ರಲ್ಲಿಯೇ ವರದಿಯಾಗಿತ್ತು. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ತಪ್ಪು ಪ್ರತಿ ಬಂದವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಅಷ್ಟೇ ಅಲ್ಲ, ಮಲೇರಿಯಾದ ತೀವ್ರತೆಯಿಂದ ಅವರಿಗೆ ಒಂದಿಷ್ಟು ರಕ್ಷಣೆಯೂ ಉಂಟು. ಮಲೇರಿಯಾ ಕಾಡಿದ ಸೀಮೆಗಳಲ್ಲಿ ಈ ತಪ್ಪಕ್ಷರ ಅಳಿಯದೆ ಉಳಿದುದಕ್ಕೆ ಇದೇ ಕಾರಣ. ಇಬ್ಬರಿಂದಲೂ ತಪ್ಪು ಪ್ರತಿ ಬಂದವರಿಗೆ ರೋಗ. ದಂಪತಿಗಳಿಬ್ಬರಲ್ಲಿಯೂ ಒಂದೊಂದು ತಪ್ಪು ಪ್ರತಿಯಿದ್ದರೆ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಮದುವೆಗೆ ಮೊದಲೇ ಒಂದು ಹನಿ ರಕ್ತವನ್ನು ಪರೀಕ್ಷೆ ಮಾಡಿಸುವುದು ಇದಕ್ಕಾಗಿಯೇ ಮುಖ್ಯ. ಕೇಂದ್ರ ಸರ್ಕಾರವು 2023ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮವು ಕರ್ನಾಟಕವೂ ಸೇರಿದಂತೆ 17 ರಾಜ್ಯಗಳಲ್ಲಿ ಇಂತಹ ಪರೀಕ್ಷೆಯನ್ನು ಕೈಗೊಂಡಿತು. ನೋವಿನ ಸರದಿಗಳನ್ನು ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಎಂಬ ಔಷಧವಿದೆ. 2023ರಲ್ಲಿಯೇ ಬ್ರಿಟನ್, ಅಮೆರಿಕಗಳಲ್ಲಿ ಡಿ.ಎನ್.ಎ.ಯನ್ನೇ ತಿದ್ದುವ ಚಿಕಿತ್ಸೆಯೊಂದಕ್ಕೆ ಅನುಮತಿ ದೊರೆಯಿತು. ಅದು ಆ ತಪ್ಪಕ್ಷರವನ್ನು ತಿದ್ದುವುದಿಲ್ಲ, ಗರ್ಭದಲ್ಲಿದ್ದಾಗ ಕೆಲಸ ಮಾಡಿದ ಹಿಮೋಗ್ಲೋಬಿನ್ನನ್ನು ಮತ್ತೆ ಎಬ್ಬಿಸುತ್ತದೆ. ಆದರೆ ಅದರ ವೆಚ್ಚ ಬಡವರ ಕೈಗೆ ಎಟುಕುವಂತಹುದಲ್ಲ.

ನೂರು ಪುಟಗಳ ಗ್ರಂಥದಲ್ಲಿ ಒಂದು ಅಚ್ಚಿನ ತಪ್ಪು ಕಂಡರೆ ನಾವು ಪೆನ್ಸಿಲಿನಿಂದ ತಿದ್ದಿಕೊಂಡು ಮುಂದೆ ಓದುತ್ತೇವೆ. ದೇಹದ ಬರಹದಲ್ಲಿ ಹಾಗಲ್ಲ. ಅಲ್ಲಿ ಬರೆದಂತೆಯೇ ಓದು, ಓದಿದಂತೆಯೇ ಬಾಳು. ಆ ತಪ್ಪು ಆ ಹುಡುಗನದಾಗಿರಲಿಲ್ಲ, ಅವನ ತಂದೆತಾಯಿಗಳದೂ ಆಗಿರಲಿಲ್ಲ. ತಪ್ಪು ಓದಿದವನು ನಾನು. ಆಸ್ಪತ್ರೆಯಿಂದ ಮರಳಿ ಬಂದ ದಿನ ತರಗತಿಯ ಎದುರಿಗೇ ಅವನಿಗೆ ಅದನ್ನು ಹೇಳಿದೆ. ಅವನು ತಲೆ ತಗ್ಗಿಸಿಕೊಂಡು, "ಹೋಗ್ಲಿ ಬುಡಿ ಸಾ" ಎಂದ.

ಅಂದಿನಿಂದ ನನ್ನ ತರಗತಿಯ ಮೂಲೆಯಲ್ಲಿ ನೀರಿನ ಬಿಂದಿಗೆಯೊಂದು ಇರುತ್ತದೆ. ಪಾಠದ ನಡುವೆ ಎದ್ದು ಹೋಗಿ ನೀರು ಕುಡಿಯಲು ಯಾವ ಹುಡುಗನೂ ಹುಡುಗಿಯೂ ನನ್ನ ಅಪ್ಪಣೆ ಕೇಳಬೇಕಾಗಿಲ್ಲ.